ಹನ್ನೊಂದನೆಯವನು

ಕ್ರಿಕೆಟ್ ತಂಡ ಕಟ್ಟುವಾಗ ಮೊದಲನೆಯವನನ್ನು ಹುಡುಕಬೇಕಾಗಿಲ್ಲ. ನಾನೇ ಓಪನಿಂಗ್ ಹೋಗ್ತೀನಿ, ಹೊಸ ಬಾಲು ನನ್ನ ಕೈಗೇ ಕೊಡಿ ಅನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಸಿಗದವನು ಹನ್ನೊಂದನೆಯವನು. ಬ್ಯಾಟಿಂಗ್ ಬರುವುದು ಅನುಮಾನ, ಬೌಲಿಂಗ್ ಸಿಗುವುದಿಲ್ಲ ಎಂದು ಗೊತ್ತಿದ್ದೂ ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಮ್ಯಾಟು ಹಾಸುವವನು ಅವನು. ಅಂಥವನೊಬ್ಬ ಬರುತ್ತಿರುವಷ್ಟು ದಿನ ಕ್ಲಬ್ ಇರುತ್ತದೆ. ಅವನು ಬರುವುದನ್ನು ಬಿಟ್ಟ ಮೇಲೆ, ಎಂಥ ಹೊಡೆತಗಾರರಿದ್ದರೂ, ಕ್ಲಬ್ ಬಹಳ ದಿನ ಉಳಿಯುವುದಿಲ್ಲ. ಸಂತೆಮರಹಳ್ಳಿಯ ಬಯಲಿನಲ್ಲಿ ವರ್ಷಗಟ್ಟಲೆ ಸ್ಕೋರು ಬರೆದು ನಾನು ಕಂಡುಕೊಂಡ ಸತ್ಯ ಇದು.

ಚಾಮರಾಜನಗರದಿಂದ ಕೊಳ್ಳೇಗಾಲಕ್ಕೆ ಹೋಗುವ ಬಸ್ಸು ನಮ್ಮ ಸರ್ಕಲ್ ಮುಟ್ಟಿಯೇ ಮುಂದೆ ಹೋಗಬೇಕು. ನಂಜನಗೂಡಿನ ಕಡೆಯಿಂದ, ಮೂಗೂರಿನ ಕಡೆಯಿಂದ ಬರುವ ರಸ್ತೆಗಳೂ ಇಲ್ಲಿಗೇ ಬಂದು ಕೂಡುತ್ತವೆ. ಮೂಡಲಿಗೆ ಬಿಳಿಗಿರಿರಂಗನ ಬೆಟ್ಟದ ಸಾಲು. ಸುತ್ತ ಹಿಪ್ಪುನೇರಳೆ, ಬಾಳೆ, ಅರಿಸಿನ, ಕಬ್ಬು. ನಾನು ಪಿಯುಸಿ ಓದುತ್ತಿದ್ದ 1990ರ ದಶಕದ ನಡುವಿನಲ್ಲಿ ನಾವಿನ್ನೂ ಮೈಸೂರು ಜಿಲ್ಲೆಯವರು. ಚಾಮರಾಜನಗರ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಕ್ರಿಕೆಟ್ ಅಂದರೆ ನಮಗೆ ಮೈಸೂರು, ಮೈಸೂರು ಅಂದರೆ ಜಾವಗಲ್ ಶ್ರೀನಾಥ್. 1991ರಲ್ಲಿ ಅವರು ಭಾರತ ತಂಡಕ್ಕೆ ಬಂದ ಮೇಲೆ ನಮ್ಮ ಕಡೆಯ ಹುಡುಗರ ರನ್‌ಅಪ್ ಉದ್ದವಾಯಿತು. ಮರಿಮಲ್ಲಪ್ಪ ಶಾಲೆಯಲ್ಲಿ ಓದಿ, ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಮಾಡಿ, ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್ ತೆಗೆದವರು ಒಂದೂವರೆ ಗಂಟೆ ಬಸ್ ದಾರಿಯ ಊರಿನವರು ಅನ್ನುವುದೇ ನಮಗೆ ದೊಡ್ಡ ಧೈರ್ಯ.

ಅಲ್ಲಿಯವರೆಗೆ ನಮ್ಮಲ್ಲಿದ್ದದ್ದು ಟೆನಿಸ್ ಬಾಲಿನ ಆಟ, ಬೀದಿಗೊಂದು ಟೀಮು. ನಮ್ಮ ಸೀಮೆಯ ಊರುಗಳಲ್ಲಿ ಬೀದಿ ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ: ನಾಯಕರ ಬೀದಿ, ಉಪ್ಪಾರರ ಬೀದಿ, ಲಿಂಗಾಯತರ ಬೀದಿ, ಅಂಬೇಡ್ಕರ್ ಬೀದಿ. ಒಬ್ಬರ ಎದುರು ಒಬ್ಬರು ಆಡುತ್ತಿದ್ದೆವು, ಒಟ್ಟಿಗೆ ಆಡುತ್ತಿರಲಿಲ್ಲ. ಇದನ್ನು ಮುರಿದದ್ದು ಯಾರ ಭಾಷಣವೂ ಅಲ್ಲ, ಲೆದರ್ ಬಾಲಿನ ಖರ್ಚು. ಲೆದರ್ ಬಾಲಿಗೆ ಇಳಿಯಬೇಕೆಂದರೆ ಮ್ಯಾಟು ಬೇಕು, ಪ್ಯಾಡು, ಗ್ಲೌಸು, ಗಾರ್ಡು ಬೇಕು. ಒಂದೊಂದು ಬಾಲೂ ಆಗಿನ ಒಂದು ದಿನದ ಕೂಲಿಗಿಂತ ಹೆಚ್ಚು. ಯಾವ ಒಂದು ಬೀದಿಯ ಹುಡುಗರ ಜೇಬಿಗೂ ಅದು ಎಟುಕುವಂತಿರಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಒಬ್ಬರು ನಮಗೆಲ್ಲ ಟೈಲರಣ್ಣ. ಆಮೇಲೆ ಅವರೇ ನಮ್ಮ ಕ್ಯಾಪ್ಟನ್. ಒಂದು ಸಂಜೆ ಎಲ್ಲ ಬೀದಿಯ ಹುಡುಗರನ್ನೂ ಅಂಗಡಿಗೆ ಕರೆಸಿದರು. ಮಿಷನ್ನಿನ ಮುಂದೆ ಕೂತೇ ಕೇಳಿದರು: “ನೋಡ್ರಪ್ಪಾ, ನಾಕು ಟೀಮ್ ಇಟ್ಕಂಡು ನಮ್ಮೂರ್ನಲ್ಲೇ ಹೊಡ್ದಾಡ್ಕಂಡು ಇದ್ದೀರೋ, ಇಲ್ಲ ಒಂದೇ ಟೀಮಾಗಿ ಮೈಸೂರ್‌ಗೆ ಹೋಗಿ ಆಡೀರೋ?” ಯಾರೂ ಉತ್ತರ ಹೇಳಲಿಲ್ಲ. ಮುಂದಿನ ವಾರದಿಂದ ಎಲ್ಲ ಬೀದಿಯ ಹುಡುಗರೂ ದುಡ್ಡು ಕೊಡತೊಡಗಿದರು.

ಮೈದಾನದ ಅಂಚಿನ ಬೇವಿನ ಮರದ ಕೆಳಗೆ ಒಂದು ಮಣ್ಣಿನ ಮಡಕೆ, ಅದರ ಮೇಲೆ ಒಂದು ಸ್ಟೀಲ್ ಲೋಟ. ಲೋಟ ಒಂದೇ ಇರಬೇಕು ಅನ್ನುವುದು ಟೈಲರಣ್ಣನ ಕಟ್ಟಾಜ್ಞೆ. ಮೊದಮೊದಲು ಕೆಲವರು ಮನೆಯಿಂದಲೇ ನೀರು ತಂದರು. ಇಬ್ಬರು ಲೋಟ ಮುಟ್ಟದೆ ಮನೆಗೆ ಹೋದವರು ಮತ್ತೆ ಬರಲಿಲ್ಲ. ಉಳಿದವರು ಬಿಸಿಲಿನಲ್ಲಿ ಓಡಿ ಬಂದು ಬಾಯಾರಿ ಅದೇ ಲೋಟದಲ್ಲಿ ಕುಡಿದರು, ತಂಡವಾಗಿ ಉಳಿದರು. ಎಷ್ಟೋ ಕಾಲದ ಮೇಲೆ ಪಾಲ್ವಣಕರ್ ಬಾಲೂ ಅವರ ಬಗ್ಗೆ ಓದಿದಾಗ ನನಗೆ ಆ ಲೋಟ ನೆನಪಾಯಿತು. ಧಾರವಾಡದಲ್ಲಿ ಹುಟ್ಟಿದ, ಚಮ್ಮಾರ ಸಮುದಾಯದ ಆ ಎಡಗೈ ಸ್ಪಿನ್ನರ್ ಪುಣೆಯಲ್ಲಿ ಪಿಚ್ ನೋಡಿಕೊಳ್ಳುವ ಕೆಲಸ ಮಾಡುತ್ತ ಬಿಳಿಯರಿಗೆ ನೆಟ್ಸ್‌ನಲ್ಲಿ ಬಾಲು ಹಾಕಿ ಆಟ ಕಲಿತವರು. ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಿತ್ತು, ಆದರೆ ಟೀ ವಿರಾಮದಲ್ಲಿ ಪೆವಿಲಿಯನ್ನಿನ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಬೇರೆಯಾಗಿ ಚಹಾ ಕೊಡುತ್ತಿದ್ದರು. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತದ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದು ಬಂದವರು ಅವರೇ. ಒಬ್ಬನಿಂದ ಬದ್ಧತೆ ಕೇಳುವ ತಂಡ ಅವನಿಗೆ ಮೊದಲು ಅದೇ ಲೋಟದಲ್ಲಿ ನೀರು ಕೊಡಬೇಕು. ಟೈಲರಣ್ಣನಿಗೆ ಬಾಲೂ ಯಾರೆಂದು ಗೊತ್ತಿರಲಿಲ್ಲ, ಈ ಮಾತು ಗೊತ್ತಿತ್ತು.

ನಮ್ಮ ಮ್ಯಾಟು ತೆಂಗಿನ ನಾರಿನದು, ಮೈಸೂರಿನಲ್ಲಿ ಕೊಂಡ ಹಳೇ ಮಾಲು. ಪಿಚ್ಚಿನ ಉದ್ದ 22 ಗಜ, ಅಂದರೆ 66 ಅಡಿ. ಅಷ್ಟುದ್ದದ ಮ್ಯಾಟನ್ನು ಸುರುಳಿ ಸುತ್ತಿ ಹೆಗಲ ಮೇಲೆ ಹೊತ್ತು ತರಲು ಆರು ಜನ ಬೇಕು, ಮಳೆಯಲ್ಲಿ ನೆನೆದಿದ್ದರೆ ಎಂಟು ಜನ. ಹಾಸುವ ಕೆಲಸ ಹಿಂದಿನ ಸಂಜೆಯೇ ಶುರು. ಮಣ್ಣಿನ ಮೇಲೆ ನೀರು ಚಿಮುಕಿಸಿ, ಕಣದಲ್ಲಿ ರಾಗಿ ತುಳಿಸುವ ರೋಣಗಲ್ಲನ್ನು ತಂದು ಉರುಳಿಸುವುದು. ಬೆಳಿಗ್ಗೆ ಮ್ಯಾಟು ಬಿಚ್ಚಿ ಒಂದು ತುದಿಗೆ ಮೊಳೆ ಹೊಡೆದು, ಇನ್ನೊಂದು ತುದಿಯ ಕುಣಿಕೆಗೆ ಹಾರೆ ತೂರಿಸಿ ಮೂವರು ಹಿಂದಕ್ಕೆ ಬಾಗಿ ಎಳೆಯುವುದು. ಎಳೆದು ಹಿಡಿದಿರುವಾಗಲೇ ಎರಡೂ ಬದಿಗೆ ಮೊಳೆ. ಮೊಳೆಯ ತಲೆಗೆ ನಾರು ಕಿತ್ತು ಬಾರದಂತೆ ಸೈಕಲ್ ಟೈರಿನ ತುಂಡು. ಎಳೆತ ಸಡಿಲವಾದರೆ ಬಾಲು ಎಲ್ಲಿಗೆ ಪುಟಿಯುತ್ತದೋ ಹೇಳುವಂತಿಲ್ಲ, ಬ್ಯಾಟ್ಸ್‌ಮನ್ನಿನ ಹಲ್ಲಿಗೇ ಬರಬಹುದು. ಹರಿದ ಅಂಚನ್ನು ಟೈಲರಣ್ಣ ದಬ್ಬಣ ಹಿಡಿದು ಗೋಣಿಯ ಹುರಿಯಿಂದ ತಾವೇ ಹೊಲಿಯುತ್ತಿದ್ದರು. ಪ್ಯಾಡಿನ ಪಟ್ಟಿ, ಗ್ಲೌಸಿನ ಬೆರಳು, ಬಾಯಿ ಬಿಟ್ಟ ಬಾಲಿನ ಹೊಲಿಗೆ, ಎಲ್ಲವೂ ಅವರ ಮಿಷನ್ನಿನ ಪಕ್ಕದಲ್ಲೇ ರಿಪೇರಿಯಾಗಿ ಬರುತ್ತಿದ್ದವು.

ಈ ಕೆಲಸಕ್ಕೆ ಎಲ್ಲರಿಗಿಂತ ಮುಂಚೆ ಬರುತ್ತಿದ್ದವನು ಮಾಂಬಳ್ಳಿ ಕಡೆಯ ಹುಡುಗ. ಯಳಂದೂರು ದಾಟಿ ಅಷ್ಟು ದೂರದಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದ. ಅವನದು ನೂಲು ಬಿಚ್ಚಾಣಿಕೆ ಕೆಲಸ. ಕುದಿಯುವ ನೀರಿನಲ್ಲಿ ರೇಷ್ಮೆ ಗೂಡು ಬೇಯಿಸಿ, ಬಿಸಿ ನೀರಿನಲ್ಲೇ ಬೆರಳಾಡಿಸಿ ಎಳೆ ಹಿಡಿದು ಸುತ್ತುವ ಕೆಲಸ. ದಿನವಿಡೀ ನೀರಿನಲ್ಲಿದ್ದ ಬೆರಳು ಬೆಳ್ಳಗೆ ಮೆತ್ತಗಾಗಿ, ತುದಿಯಲ್ಲಿ ಚರ್ಮ ಸುಲಿದಿರುತ್ತಿತ್ತು. ಲೆದರ್ ಬಾಲಿನ ಒಂದು ಕ್ಯಾಚಿಗೆ ಆ ಬೆರಳು ಒಡೆದು ರಕ್ತ ಬರುತ್ತಿತ್ತು. ಆದರೂ ಅವನು ನಿಲ್ಲುತ್ತಿದ್ದದ್ದು ಬ್ಯಾಟ್ಸ್‌ಮನ್ ಹತ್ತಿರದ ಸಿಲ್ಲಿ ಪಾಯಿಂಟಿನಲ್ಲಿ, ಇನ್ಯಾರೂ ಒಪ್ಪದ ಜಾಗದಲ್ಲಿ. ಬ್ಯಾಟಿಂಗ್ ಕ್ರಮದಲ್ಲಿ ಅವನು ಹನ್ನೊಂದನೆಯವನು. ಸ್ಕೋರು ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ರನ್ನು ಬರೆದದ್ದು ಕಡಿಮೆ, ಕ್ಯಾಚು ಬರೆದದ್ದು ಹೆಚ್ಚು. ಒಮ್ಮೆ ಅವನ ಬೆರಳಿಗೆ ಪಟ್ಟಿ ಸುತ್ತುತ್ತ “ಇವತ್ತು ಹಿಂದಕ್ ನಿಂತ್ಕೊ” ಅಂದೆ. “ಹಿಂದಕ್ ನಿಂತ್ರೆ ಬಾಲು ಬರ್ನಿಲ್ಲ ಅಂತ ಬೇಜಾರಾಯ್ತದೆ ಕನಣ್ಣ” ಅಂದ.

ಎಲ್ಲರೂ ಹಾಗಿರಲಿಲ್ಲ, ಹಾಗಿರಲು ಆಗುತ್ತಲೂ ಇರಲಿಲ್ಲ. ಆ ಕಾಲದಲ್ಲಿ ನಮ್ಮ ಹುಡುಗರು ಭಾನುವಾರ ತಪ್ಪಿಸಿಕೊಳ್ಳುತ್ತಿದ್ದದ್ದಕ್ಕೆ ದೊಡ್ಡ ಕಾರಣ ಸೋಮಾರಿತನವಲ್ಲ, ರೇಷ್ಮೆ ಹುಳು. ಹುಳು ಸಾಕಿದ ಮನೆಯವರಿಗೆ ಗೊತ್ತು, ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಮಂಪರು, ಎದ್ದ ಮೇಲೆ ಹುಳು ಒಂದು ವಾರ ಮೇಯುವ ಮೇವು ಎಂಥದೆಂದು. ಒಂದು ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ಆ ಕೊನೆಯ ವಾರದಲ್ಲೇ ಹೋಗುತ್ತದೆ. ರಾತ್ರಿಯೂ ಸೊಪ್ಪು ಹಾಕಬೇಕು. ಹಣ್ಣಾದ ಹುಳುವನ್ನು ಆಯ್ದು ಗೂಡು ಕಟ್ಟಲು ಚಂದ್ರಂಕಿಗೆ ಬಿಡುವ ದಿನ ಮನೆಯ ಮಗುವೂ ಕೆಲಸಕ್ಕೆ ಬೇಕು. ಅಂಥ ದಿನ ಮ್ಯಾಚಿಗೆ ಬಾ ಎಂದು ಯಾರನ್ನಾದರೂ ಕರೆದರೆ ಅವನ ಮನೆಯವರು ಕ್ರಿಕೆಟ್ಟನ್ನೇ ಶಪಿಸುತ್ತಾರೆ.

ಟೈಲರಣ್ಣ ಇದಕ್ಕೊಂದು ದಾರಿ ಕಂಡುಕೊಂಡರು. ಅಳತೆ ಬರೆಯುವ ಪುಸ್ತಕದ ಹಿಂಬದಿಯಲ್ಲಿ ಯಾರ ಮನೆಯಲ್ಲಿ ಹುಳು ಎಷ್ಟನೇ ಜ್ವರದಲ್ಲಿದೆ ಎಂದು ಬರೆದಿಡತೊಡಗಿದರು. ಎದುರು ತಂಡದವರು ಮ್ಯಾಚು ಕೇಳಿಕೊಂಡು ಬಂದರೆ ಮೊದಲು ಆ ಪುಟ ತೆಗೆಯುವರು. ಆಮೇಲೆ ತಾರೀಕು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹುಳು ಮಾಗಿದ ಮನೆಗೆ ತಂಡದ ನಾಲ್ಕೈದು ಹುಡುಗರನ್ನು ಬೆಳಿಗ್ಗೆಯೇ ಕಳಿಸಿ ಹುಳು ಆಯಿಸಿಕೊಟ್ಟು, ಮಧ್ಯಾಹ್ನ ಆ ಮನೆಯ ಮಗನನ್ನು ಆಟಕ್ಕೆ ಕರೆತರುವ ರೂಢಿ ಹಾಕಿದರು. ಬೀದಿ ದಾಟಿ ಒಬ್ಬರ ಮನೆಗೆ ಇನ್ನೊಬ್ಬರು ಹೋಗಲು ಶುರುವಾದದ್ದೂ ಹಾಗೆಯೇ. ಮಗ ಆಟಕ್ಕೆ ಹೋದ ಎಂದು ಬೈಯುತ್ತಿದ್ದ ತಾಯಂದಿರೇ “ಮ್ಯಾಚ್ ಯಾವತ್ತಪ್ಪ?” ಎಂದು ಕೇಳತೊಡಗಿದರು. ಬದ್ಧತೆ ಎಂದರೆ ಆಟಗಾರ ಕ್ಲಬ್ಬಿಗೆ ಸಲ್ಲಿಸುವ ಕಂದಾಯ ಎಂದು ತಿಳಿದವರೇ ಹೆಚ್ಚು. ಕ್ಲಬ್ಬು ಆಟಗಾರನ ಮನೆಗೆ ಸಲ್ಲಿಸಬೇಕಾದದ್ದೂ ಇದೆ. ಅದು ಸಂದಾಗ ಇದು ಕೇಳದೆ ಬರುತ್ತದೆ.

ಮನೆ ಮತ್ತು ಆಟ ಎರಡನ್ನೂ ಒಟ್ಟಿಗೆ ತೂಗಿಸಿದವರ ಉದಾಹರಣೆ ಕೇಳಿದರೆ ನಾನು ಹುಡುಗರಿಗೆ ಎರಪಳ್ಳಿ ಪ್ರಸನ್ನ ಅವರ ಕಥೆ ಹೇಳುತ್ತಿದ್ದೆ. ಮೈಸೂರಿನ ಎನ್‌ಐಇಯಲ್ಲಿ ಓದುತ್ತಿದ್ದ ಅವರು 1962ರಲ್ಲಿ ಭಾರತದ ಪರ ಟೆಸ್ಟ್ ಆಡಿ, ವೆಸ್ಟ್ ಇಂಡೀಸಿಗೂ ಹೋಗಿ ಬಂದರು. ತಂದೆ ತೀರಿಕೊಂಡರು. ಎಂಜಿನಿಯರಿಂಗ್ ಮುಗಿಸಲೆಂದು ದೊಡ್ಡ ಕ್ರಿಕೆಟ್ಟಿನಿಂದ ಹಿಂದೆ ಸರಿದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಐದು ವರ್ಷ ಹೋಯಿತಲ್ಲ ಎಂದು ಯಾರಾದರೂ ಕೇಳಬಹುದು. ಹಾಗೆ ಹೋದವರು 49 ಟೆಸ್ಟ್‌ಗಳಲ್ಲಿ 189 ವಿಕೆಟ್ ಪಡೆದರು. ಅವರ ನಾಯಕತ್ವದಲ್ಲೇ ಕರ್ನಾಟಕ 1973-74ರಲ್ಲಿ ಮುಂಬೈಯ ಸತತ 15 ವರ್ಷಗಳ ಗೆಲುವಿಗೆ ತಡೆ ಹಾಕಿ ಮೊದಲ ಸಲ ರಣಜಿ ಟ್ರೋಫಿ ತಂದದ್ದು. ಪರೀಕ್ಷೆ ಬಂತೆಂದು ಎರಡು ತಿಂಗಳು ಬಾರದ ಹುಡುಗನನ್ನು ತಂಡದಿಂದ ತೆಗೆಯಬೇಕೆಂಬ ಮಾತು ಬಂದಾಗೆಲ್ಲ ಈ ಕಥೆ ನಮ್ಮಲ್ಲಿ ಕೆಲಸ ಮಾಡಿದೆ.

1996ರ ಅಕ್ಟೋಬರ್ 21ರ ರಾತ್ರಿ ಇನ್ನೊಂದು ಪಾಠ ಸಿಕ್ಕಿತು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಟೈಟನ್ ಕಪ್, ಎದುರಿಗೆ ಆಸ್ಟ್ರೇಲಿಯಾ. ಗೆಲ್ಲಲು 216 ಬೇಕಿತ್ತು. 88 ಹೊಡೆದ ಸಚಿನ್ ಔಟಾದಾಗ 8 ವಿಕೆಟ್‌ಗೆ 164. ಟೀವಿ ಇದ್ದ ಮನೆಯ ಜಗುಲಿಯಿಂದ ಅರ್ಧ ಜನ ಎದ್ದು ಹೋದರು. ಉಳಿದವರ ಕಣ್ಣೆದುರು ಶ್ರೀನಾಥ್ ಮತ್ತು ಕುಂಬ್ಳೆ, ಇಬ್ಬರು ಬೌಲರ್‌ಗಳು, ಮುರಿಯದ 52 ರನ್ ಸೇರಿಸಿ ಪಂದ್ಯ ಗೆದ್ದುಕೊಟ್ಟರು. ಮಾರನೆಯ ದಿನ ಸಂಜೆ ಮೈದಾನದಲ್ಲಿ ನಮ್ಮ ಬೌಲರುಗಳೆಲ್ಲ ಪ್ಯಾಡ್ ಕೇಳಿದರು. ಅಲ್ಲಿಯವರೆಗೆ ಪ್ರ್ಯಾಕ್ಟೀಸಿನಲ್ಲಿ ಬ್ಯಾಟಿಂಗ್ ಎಂದರೆ ಮೊದಲ ಆರು ಜನರ ಹಕ್ಕು. ಟೈಲರಣ್ಣ ಅವತ್ತಿನಿಂದ ಕ್ರಮ ತಿರುಗಿಸಿದರು. ವಾರದಲ್ಲಿ ಒಂದು ಸಂಜೆ ಹನ್ನೊಂದನೆಯವನಿಂದ ಶುರುವಾಗಿ ಮೇಲಕ್ಕೆ. ಮಾಂಬಳ್ಳಿಯ ಹುಡುಗ ಕಟ್ಟುತ್ತಿದ್ದ ಪ್ಯಾಡ್ ಅವನ ಮಂಡಿಯ ಮೇಲಕ್ಕೆ ಬರುತ್ತಿತ್ತು. ಆದರೂ ಒಂದು ವರ್ಷದೊಳಗೆ ಅವನನ್ನು ಔಟ್ ಮಾಡುವುದು ಸುಲಭವಲ್ಲ ಅನ್ನುವ ಮಾತು ಸುತ್ತಮುತ್ತ ಬಂತು.

ಒಬ್ಬ ಬರದಿದ್ದರೆ ಏನಾಗುತ್ತದೆ ಅನ್ನುವ ಪ್ರಶ್ನೆಗೆ ನಮ್ಮ ಊರಿನಲ್ಲಿ ಸಿಕ್ಕಂಥ ಉತ್ತರ ಬೇರೆಡೆ ಸಿಗುವುದು ಅಪರೂಪ. ಆಗ ಸಂತೆಮರಹಳ್ಳಿ ಒಂದು ವಿಧಾನಸಭಾ ಕ್ಷೇತ್ರ. 2004ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಓಟಿನ ಗೆಲುವು. ಎಂಬತ್ತು ಸಾವಿರಕ್ಕೂ ಹೆಚ್ಚು ಜನ ಹಾಕಿದ ಓಟು ಕೊನೆಗೆ ಒಬ್ಬ ಬಂದದ್ದಕ್ಕೆ, ಒಬ್ಬ ಬಾರದಿದ್ದದ್ದಕ್ಕೆ ತೀರ್ಮಾನವಾಯಿತು. ನಾನು ಹೋಗ್ದಿದ್ರೆ ಏನಾಯ್ತದೆ ಎಂದು ಮನೆಯಲ್ಲಿ ಕೂತವರು ಎಷ್ಟು ಜನರೋ, ತಿಂಗಳುಗಟ್ಟಲೆ ಊರಿನಲ್ಲಿ ಅದೇ ಮಾತು. ಭಾನುವಾರ ಒಬ್ಬ ಹುಡುಗ ಬರುವುದಿಲ್ಲ ಅಂದಾಗ ಟೈಲರಣ್ಣ ಬೇರೇನೂ ಹೇಳುತ್ತಿರಲಿಲ್ಲ. “ಒಂದೋಟು ಕನಪ್ಪ, ಒಂದೋಟು” ಅನ್ನುತ್ತಿದ್ದರು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಸಂತೆಮರಹಳ್ಳಿ ಕ್ಷೇತ್ರವೇ ಇಲ್ಲವಾಯಿತು. ಆ ಮಾತು ನಮ್ಮ ಮೈದಾನದಲ್ಲಿ ಉಳಿಯಿತು.

ಅಷ್ಟರಲ್ಲಿ ನಾನು ಹೈಸ್ಕೂಲ್ ಮೇಷ್ಟ್ರಾಗಿದ್ದೆ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ರಣಜಿ ಫೈನಲ್, ಕರ್ನಾಟಕ ಮತ್ತು ಮುಂಬೈ. ಸಂಕ್ರಾಂತಿಯ ದಿನ ಬೆಳಗಿನ ಮೊದಲ ಬಸ್ಸಿಗೆ ಕೆಲವು ಹುಡುಗರನ್ನು ಕರೆದುಕೊಂಡು ಹೊರಟೆ. ಸಂಜೆ ದನಗಳಿಗೆ ಕಿಚ್ಚು ಹಾಯಿಸುವ ಹೊತ್ತಿಗೆ ಮನೆಗೆ ಬಂದುಬಿಡುತ್ತೇವೆ ಎಂದು ಹಿರಿಯರಿಗೆ ಮಾತು ಕೊಟ್ಟು ಬಂದಿದ್ದರು. ಮೈದಾನದ ಸುತ್ತ ನಿಲ್ಲಲು ಜಾಗವಿಲ್ಲ. ಗೋಡೆಯ ಮೇಲೆ, ಮರದ ಕೊಂಬೆಯ ಮೇಲೆ ಜನ. ಗೆಲುವಿಗೆ 338 ಬೇಕಿತ್ತು. ಮನೀಷ್ ಪಾಂಡೆ 144 ಹೊಡೆದರು. ಒಂದು ಹೊತ್ತಿನಲ್ಲಿ ಪಂದ್ಯ ನಮ್ಮದೇ ಅನ್ನಿಸಿತ್ತು. ಕರ್ನಾಟಕ 331ಕ್ಕೆ ಆಲೌಟ್, ಸೋಲು ಆರು ರನ್ನಿನದು. ಅಷ್ಟು ಜನರ ಮೈದಾನ ಒಮ್ಮೆಲೇ ಸುಮ್ಮನಾದದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗರು ಪಾಂಡೆಯ ಹೊಡೆತಗಳನ್ನೇ ಮಾತಾಡುತ್ತಿದ್ದರು. ಒಬ್ಬ ಮಾತ್ರ ಬೇರೆಯದನ್ನು ಕೇಳಿದ. “ಸಾ, ಥರ್ಡ್ ಮ್ಯಾನಲ್ಲಿದ್ದವ್ನು ಬಾಲು ತನ್ ಕಡೀಕ್ ಬರ್ದಿದ್ರೂ ಪ್ರತಿ ಬಾಲ್‌ಗೂ ಮುಂದುಕ್ ನಡೀತಿದ್ನಲ್ಲ, ಅದ್ಯಾಕೆ ಸಾ?” ಆ ಪ್ರಶ್ನೆ ಕೇಳಿದ ಕ್ಷಣವೇ ಅವನು ಆಟಗಾರನಾದ ಎಂದು ನನಗೆ ಅನ್ನಿಸಿತು. ದಿನಕ್ಕೆ 90 ಓವರ್ ಎಂದರೆ 540 ಬಾಲು. ಅವನ ಕಡೆಗೆ ಬರುವುದು ಕೆಲವೇ ಕೆಲವು. ಉಳಿದದ್ದಕ್ಕೂ ಅವನು ಎರಡು ಹೆಜ್ಜೆ ಮುಂದೆ ಬರಲೇಬೇಕು, ಯಾಕೆಂದರೆ ಬರುವ ಬಾಲು ಯಾವುದೆಂದು ಮೊದಲೇ ತಿಳಿಯುವುದಿಲ್ಲ. ಈಗ ಆ ಹುಡುಗ ಮಕ್ಕಳಿಗೆ ಫೀಲ್ಡಿಂಗ್ ಕಲಿಸುತ್ತಾನೆ. ಮೊದಲು ಕಲಿಸುವುದು ಆ ಎರಡು ಹೆಜ್ಜೆ.

ಆಮೇಲಿನ ವರ್ಷಗಳು ಕಷ್ಟದವು. ರೇಷ್ಮೆ ಗೂಡಿನ ಬೆಲೆ ಬಿದ್ದಾಗಲೆಲ್ಲ ಒಂದಷ್ಟು ಮನೆಯವರು ಹಿಪ್ಪುನೇರಳೆ ಕಿತ್ತು ಬಾಳೆ ಹಾಕಿದರು, ಕಬ್ಬು ಹಾಕಿದರು. ಹುಡುಗರು ನಂಜನಗೂಡಿನ ಕಾರ್ಖಾನೆಗಳಿಗೆ, ಮೈಸೂರಿಗೆ, ಬೆಂಗಳೂರಿಗೆ ಹೋದರು. ಹುಳುವಿನ ಜ್ವರವನ್ನಾದರೆ ಲೆಕ್ಕ ಹಾಕಿ ಮ್ಯಾಚಿಡಬಹುದು, ವಾರ ವಾರ ಬದಲಾಗುವ ಶಿಫ್ಟನ್ನು ಹೇಗೆ ಲೆಕ್ಕ ಹಾಕುವುದು? ನನ್ನ ಸ್ಕೋರು ಪುಸ್ತಕದಲ್ಲಿ ಹನ್ನೊಂದು ಗೆರೆಗಳಲ್ಲಿ ಕೆಳಗಿನ ಎರಡು ಮೂರು ಖಾಲಿ ಉಳಿಯುವುದು ಮಾಮೂಲಾಯಿತು. ಮಾಂಬಳ್ಳಿಯವನು ಮದುವೆಯಾಗಿ ಬೇರೆ ಊರು ಸೇರಿದ. ಟೈಲರಣ್ಣನ ಕಣ್ಣು ಮಂಜಾಯಿತು, ದಬ್ಬಣ ಹಿಡಿಯುವವರು ಇಲ್ಲವಾದರು. ಮ್ಯಾಟು ಅಂಗಡಿಯ ಹಿಂದೆ ಸುರುಳಿಯಾಗಿಯೇ ಗೆದ್ದಲು ಹಿಡಿಯಿತು.

ಅದೇ ಕಾಲಕ್ಕೆ ಊರೂರಿನಲ್ಲಿ ಟೆನಿಸ್ ಬಾಲ್ ಟೂರ್ನಮೆಂಟು ಹೆಚ್ಚಾದವು. ಶಾಮಿಯಾನ, ಮೈಕಿನಲ್ಲಿ ಕಾಮೆಂಟರಿ, ಹೊನಲು ಬೆಳಕು, ಆಳೆತ್ತರದ ಟ್ರೋಫಿ, ನಗದು ಬಹುಮಾನ. ಅವುಗಳ ಮೇಲೆ ನನಗೆ ದ್ವೇಷವಿಲ್ಲ. ಎಷ್ಟೋ ಹುಡುಗರು ಬ್ಯಾಟು ಹಿಡಿದದ್ದೇ ಅಲ್ಲಿ, ಜಾತ್ರೆಯಂತೆ ಊರೆಲ್ಲ ಸೇರುವುದೂ ಅಲ್ಲಿ. ಆದರೆ ಗೆಲ್ಲಲೇಬೇಕೆಂದು ದುಡ್ಡು ಕೊಟ್ಟು ಹೊರಗಿನ ಆಟಗಾರರನ್ನು ಕರೆಸುವ ಪದ್ಧತಿ ಬಂತು. ಹೊರಗಿನವರು ನಾಲ್ಕು ಜನ ಬಂದರೆ ಊರಿನವರು ನಾಲ್ಕು ಜನ ಹೊರಗೆ ಕೂರುತ್ತಾರೆ. ಕೂರುವವರು ಯಾರು? ಎಂಟನೆಯವನು, ಒಂಬತ್ತನೆಯವನು, ಹತ್ತನೆಯವನು, ಹನ್ನೊಂದನೆಯವನು. ವರ್ಷವಿಡೀ ಪಿಚ್ಚಿಗೆ ನೀರು ಹಾಕಿದವರೇ. ಟ್ರೋಫಿ ಗೆದ್ದ ಮರುವಾರ ಹೊರಗಿನವರು ಬರುವುದಿಲ್ಲ, ಹೊರಗೆ ಕೂತವರೂ ಬರುವುದಿಲ್ಲ. ಟ್ರೋಫಿ ಬಂದು ಟೀಮು ಹೋದ ಊರುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಲೆಕ್ಕವನ್ನೂ ನೋಡಿ. ಎಂಟು ತಂಡಗಳ ನಾಕೌಟ್ ಟೂರ್ನಮೆಂಟಿನಲ್ಲಿ ಒಟ್ಟು ಏಳು ಪಂದ್ಯ. ನಾಲ್ಕು ತಂಡಗಳು ಒಂದೊಂದು ಪಂದ್ಯ ಆಡಿ ಮನೆಗೆ ಹೋಗುತ್ತವೆ. ಅದೇ ಎಂಟು ತಂಡಗಳು ಒಬ್ಬರಿಗೊಬ್ಬರು ಆಡುವ ಲೀಗ್ ಮಾಡಿದರೆ 28 ಪಂದ್ಯ, ಸೋತವರಿಗೂ ಏಳು ಭಾನುವಾರ ಆಟ. ನಾಕೌಟಿನಲ್ಲಿ ಕ್ಯಾಪ್ಟನ್ ಹೊಸಬನಿಗೆ ಬಾಲು ಕೊಡಲು ಹೆದರುತ್ತಾನೆ. ಲೀಗಿನಲ್ಲಿ ಇವತ್ತು ಹೊಡೆಸಿಕೊಂಡರೆ ಮುಂದಿನ ಭಾನುವಾರ ಇದೆ. ಆಟಗಾರ ಬೆಳೆಯುವುದು ಆ ಮುಂದಿನ ಭಾನುವಾರದಲ್ಲಿ. ಮೈಸೂರು, ಬೆಂಗಳೂರಿನ ಕ್ಲಬ್ಬುಗಳಿಂದ ಆಟಗಾರರು ಬರುತ್ತಿರುವುದಕ್ಕೆ ಅಲ್ಲಿಯ ಹುಡುಗರು ನಮ್ಮವರಿಗಿಂತ ಹುಟ್ಟಿನಿಂದ ಜಾಣರು ಎಂಬುದು ಕಾರಣವಲ್ಲ. ಅಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಡಿವಿಷನ್ ಲೀಗುಗಳಿವೆ, ಸೋತರೂ ಮತ್ತೆ ಆಡಲು ಸಿಗುತ್ತದೆ. ಮೈಸೂರು ವಲಯಕ್ಕೆ ಸೇರಿದ ನಮ್ಮ ಹುಡುಗ ಯಾರ ಕಣ್ಣಿಗಾದರೂ ಬೀಳಬೇಕಾದರೆ ಕಿಟ್ ಬ್ಯಾಗು ಹೊತ್ತು ಮುಂಜಾನೆಯ ಬಸ್ಸು ಹಿಡಿಯಬೇಕು.

ಹಳೆಯ ನಾಲ್ಕೈದು ಜನ ಸೇರಿ ಸುತ್ತಿನ ಊರುಗಳ ತಂಡಗಳೊಡನೆ ಅಂಥದ್ದೇ ಸಣ್ಣ ಲೀಗೊಂದನ್ನು ಶುರು ಮಾಡಿದೆವು. ನಿಯಮ ಎರಡೇ. ಹೊರಗಿನ ಆಟಗಾರ ಇಲ್ಲ. ಪ್ರತಿ ತಂಡವೂ ಪ್ರತಿ ಪಂದ್ಯದಲ್ಲಿ ಕನಿಷ್ಠ ಆರು ಜನರಿಂದ ಬೌಲಿಂಗ್ ಮಾಡಿಸಬೇಕು. ಟ್ರೋಫಿ ಚಿಕ್ಕದು, ಬಹುಮಾನಕ್ಕೆ ಲೆದರ್ ಬಾಲು. ಪಂದ್ಯ ಮುಗಿದ ಮೇಲೆ ಎರಡೂ ತಂಡಕ್ಕೆ ಆತಿಥೇಯ ಊರಿನವರದೇ ಊಟ. ಮೊದಲ ವರ್ಷ ತಂಡಗಳು ಅರ್ಧಕ್ಕೆ ಕೈಬಿಟ್ಟವು. ಎರಡನೆಯ ವರ್ಷ ಊಟ ಹಾಕುವ ಮನೆಯ ಹೆಂಗಸರೇ ತಾರೀಕು ನೆನಪಿಸಿದರು. ಈಗ ಭಾನುವಾರಗಳಲ್ಲಿ ನನ್ನ ಪುಸ್ತಕದ ಹನ್ನೊಂದು ಗೆರೆಗಳೂ ತುಂಬುತ್ತಿವೆ.

ಇನ್ನೂ ತುಂಬಬೇಕಾದದ್ದು ಊರಿನ ಅರ್ಧ ಭಾಗ. ನನ್ನ ಶಾಲೆಯಲ್ಲಿ ಎಡಗೈ ಸ್ಪಿನ್ ಹಾಕುವ ಹುಡುಗಿಯೊಬ್ಬಳಿದ್ದಳು. ಅವಳ ಅಪ್ಪ ಬಂದು “ಹೆಣ್ಮಗ ಬಿಸ್ಲಲ್ಲಿ ಬಾಲಾಕಿ ಏನಾಗ್ಬೇಕು ಸಾ?” ಎಂದು ಕೇಳಿದರು. ಕೋಪದಿಂದಲ್ಲ, ನಿಜಕ್ಕೂ ತಿಳಿಯಲೆಂದೇ. ನಾನು ವಿಜಯಪುರದ ರಾಜೇಶ್ವರಿ ಗಾಯಕವಾಡ್ ಹೆಸರು ಹೇಳಿದೆ. ಅವರದೂ ಎಡಗೈ ಸ್ಪಿನ್. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ ಕೊಟ್ಟು ಐದು ವಿಕೆಟ್ ತೆಗೆದವರು. ಆ ಭಾರತ ತಂಡದಲ್ಲಿ ಕಡೂರಿನ ವೇದಾ ಕೃಷ್ಣಮೂರ್ತಿಯೂ ಇದ್ದರು. ಬೆಂಗಳೂರಿನವರಲ್ಲ, ನಮ್ಮಂಥ ಊರುಗಳಿಂದ ಬಂದವರು. ಆ ಅಪ್ಪ ಮುಂದಿನ ಭಾನುವಾರ ಬಂದು ಬೇವಿನ ಮರದ ಕೆಳಗೆ ಕೂತು ಮಗಳ ಓವರುಗಳನ್ನು ನೋಡಿದರು. 2025ರ ನವೆಂಬರ್ 2ರಂದು ಭಾರತದ ಹೆಣ್ಣುಮಕ್ಕಳು ವಿಶ್ವಕಪ್ ಗೆದ್ದ ಮೇಲೆ ಇಂಥ ಪ್ರಶ್ನೆಗೆ ಉತ್ತರ ಹೇಳುವುದು ಇನ್ನೂ ಸುಲಭವಾಗಿದೆ. ಆದರೆ ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಒಂದು ಕೋಣೆಯಾಗಲಿ ಶೌಚಾಲಯವಾಗಲಿ ಇಲ್ಲದ ಮೈದಾನಕ್ಕೆ ಅವರನ್ನು ಕರೆದು, ಬದ್ಧತೆ ಸಾಲದು ಅನ್ನುವ ಹಕ್ಕು ನಮಗಿಲ್ಲ.

ಊರುಗಳ ಹಿರಿಯರಲ್ಲಿ, ಪಂಚಾಯಿತಿ ಸದಸ್ಯರಲ್ಲಿ, ಹೊರಗೆ ದುಡಿಯುತ್ತಿರುವ ಹಳೆಯ ಆಟಗಾರರಲ್ಲಿ ನನ್ನ ಕೇಳಿಕೆ ಇಷ್ಟು. ಉಳಿದಿರುವ ಬಯಲನ್ನು ಸೈಟಾಗುವ ಮೊದಲೇ ದಾಖಲೆಯಲ್ಲಿ ಆಟದ ಮೈದಾನ ಎಂದು ಬರೆಸಿ. ದೊಡ್ಡ ಟೂರ್ನಮೆಂಟಿಗೆ ಕೊಡುವ ಹಣದಲ್ಲಿ ಒಂದು ಪಾಲನ್ನು ಒಂದು ಮ್ಯಾಟಿಗೆ, ಒಂದು ಕೋಣೆಗೆ, ಒಂದು ಲೀಗಿಗೆ ಎತ್ತಿಡಿ. ತಂಡ ಆರಿಸುವಾಗ ಊರಿನ ಹುಡುಗನನ್ನು ಹೊರಗೆ ಕೂರಿಸಿ ಗೆಲ್ಲಬೇಡಿ. ಅವನನ್ನು ಆಡಿಸಿ ಸೋತರೂ ಮುಂದಿನ ವಾರ ಆಡಲು ನಿಮ್ಮಲ್ಲಿ ತಂಡ ಇರುತ್ತದೆ.